ಕೆಸರಿನ ಇಳಿಜಾರು, ಹಿಂದಿನ ಸೀಟಿನಲ್ಲಿ ಮಕ್ಕಳು

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕಿನಲ್ಲಿ ಹದಿನಾಲ್ಕು ಎಕರೆ ಕಾಫಿ ತೋಟ. ಮನೆಯವರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ಶನಿವಾರ ಬಂದರೆ ಸೋಮವಾರ ಬೆಳಿಗ್ಗೆ ಹೊರಡುತ್ತಾರೆ. ತೋಟ, ಆಳುಗಳ ಬಟವಾಡೆ, ಇಬ್ಬರು ಮಕ್ಕಳ ಶಾಲೆ ಎಲ್ಲವೂ ನನ್ನ ಮೇಲಿದೆ. ಹೋದ ವರ್ಷ 2021ರ ಥಾರ್ ಎಲ್‌ಎಕ್ಸ್ ಡೀಸೆಲ್ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆವು. ಮನೆಯಿಂದ ಟಾರು ರಸ್ತೆಗೆ ಎರಡು ಕಿಲೋಮೀಟರ್ ಮಣ್ಣಿನ ದಾರಿ. ನಡುವೆ ಹಳ್ಳಕ್ಕೆ ಇಳಿಯುವ ಕಡಿದಾದ ಇಳಿಜಾರಿದೆ. ಮೊನ್ನೆ ಪುನರ್ವಸು ಮಳೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಇಳಿಯುವಾಗ, 4ಎಚ್ ಹಾಕಿದ್ದರೂ ಗಾಡಿ ಅಡ್ಡಡ್ಡ ಜಾರಿ ಧರೆಗೆ ಒರಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಅಗಲದ ಮಡ್ ಟೈರ್ ಹಾಕಿಸಿ, ಗಾಡಿ ಎತ್ತರಿಸಿ ಎನ್ನುತ್ತಾನೆ ಮೈದುನ. ಮಳೆಗಾಲ ಮುಗಿಯುವ ತನಕ ಲಿವರ್ 4ಎಚ್‌ನಲ್ಲೇ ಇರಲಿ, ಘಾಟಿಯಲ್ಲೂ ಅದೇ ಸೇಫು ಅನ್ನುವುದೂ ಅವನದೇ ಮಾತು. ಟೈರ್ ಅಂಗಡಿಯವರು ಇನ್ನೊಂದು ಹೇಳುತ್ತಾರೆ. ಚಿಕ್ಕ ಮಗಳು ಈಗ ಗಾಡಿ ಹತ್ತಲು ಅಳುತ್ತಾಳೆ. ನಾನೇನು ಮಾಡಲಿ?

ಉತ್ತರ: ತಂಗೀ, ಗಾಡಿ ಧರೆಯ ಕಡೆಗೆ ಜಾರಿದ್ದು ಪುಣ್ಯ. ಆ ಹೊತ್ತಿನಲ್ಲಿ ನಿಮ್ಮ ಕಾಲು ಎಲ್ಲಿತ್ತು ಎಂದು ಪತ್ರದಲ್ಲಿ ಬರೆದಿಲ್ಲ. ಬ್ರೇಕಿನ ಮೇಲಿದ್ದಿರಬೇಕು, ಬಹುಶಃ ಇನ್ನೊಂದು ಕಾಲು ಕ್ಲಚ್ಚಿನ ಮೇಲೂ ಇತ್ತು. ಹೆದರಿದಾಗ ಯಾರ ಕಾಲಾದರೂ ಅಲ್ಲಿಗೇ ಹೋಗುತ್ತದೆ. ಇಪ್ಪತ್ತೈದು ವರ್ಷದ ಹಿಂದೆ ಗೊಬ್ಬರದ ಮೂಟೆ ಹೇರಿಕೊಂಡು ಇಂಥದ್ದೇ ಇಳಿಜಾರಿನಲ್ಲಿ ನಾನು ಎರಡನ್ನೂ ಒಟ್ಟಿಗೆ ಒತ್ತಿದ್ದೆ. ಜೀಪು ಎರಡು ಕಾಫಿ ಗಿಡ ಮುರಿದು ಸಿಲ್ವರ್ ಓಕ್ ಮರಕ್ಕೆ ಗುದ್ದಿ ನಿಂತಿತು. ಆ ತೋಟದ ಹಳೆಯ ಡ್ರೈವರ್ ಬಂದು ಜೀಪನ್ನು ಮೇಲಕ್ಕೆ ಹತ್ತಿಸಿ, ಮತ್ತೆ ಅದೇ ದಾರಿಯಲ್ಲಿ ಇಳಿಸಿ ತೋರಿಸಿದರು. ಲೋ ಗೇರ್, ಒಂದನೇ ಗೇರ್, ಎರಡೂ ಕಾಲು ನೆಲದ ಮೇಲೆ. ಜೀಪು ಎತ್ತಿನಂತೆ ಹೆಜ್ಜೆ ಇಟ್ಟುಕೊಂಡು ಇಳಿಯಿತು. ಟೈರು ಅದೇ, ಮಣ್ಣೂ ಅದೇ.

ಮೈದುನನಿಗೂ ಇದನ್ನು ಹೇಳಿ. ಫೋರ್ ವೀಲ್ ಎಂಬುದು ಎಂಜಿನ್ನಿನ ಬಲವನ್ನು ನಾಲ್ಕು ಚಕ್ರಕ್ಕೆ ಹಂಚುತ್ತದೆ, ಹತ್ತಲು ಸಹಾಯ ಮಾಡುತ್ತದೆ. ಬ್ರೇಕಂತೂ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇದೆ, ಲಿವರ್ ಎಲ್ಲಿದ್ದರೂ ಆ ಲೆಕ್ಕ ಬದಲಾಗುವುದಿಲ್ಲ. ಕೆಸರಿನಲ್ಲಿ ಬ್ರೇಕ್ ಒತ್ತಿದರೆ ಮುಂದಿನ ಚಕ್ರ ಉರುಳುವುದನ್ನು ನಿಲ್ಲಿಸಬಹುದು. ಉರುಳದ ಚಕ್ರವನ್ನು ಸ್ಟೀರಿಂಗ್ ಎತ್ತ ತಿರುಗಿಸಿದರೂ ಗಾಡಿ ಅತ್ತ ಹೋಗುವುದಿಲ್ಲ. ಚಕ್ರ ಕಚ್ಚಿಕೊಳ್ಳದಂತೆ ಎಬಿಎಸ್ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತದೆ ನಿಜ, ಆದರೆ ಅದರಿಂದಲೇ ಸಡಿಲ ಮಣ್ಣಿನಲ್ಲಿ ನಿಲ್ಲುವ ದೂರ ಹೆಚ್ಚುತ್ತದೆ. ಕ್ಲಚ್ ಒತ್ತಿದರೆ ಎಂಜಿನ್ನಿನ ಹಿಡಿತವೂ ಹೋಯಿತು.

ನಿಮ್ಮ ಥಾರ್‌ನಲ್ಲಿ ಆ ಲೋ ಗೇರ್ ಎಂದರೆ 4ಎಲ್, ಅದರಲ್ಲಿ ಗೇರ್ 2.48 ಪಟ್ಟು ತಗ್ಗುತ್ತದೆ. ಒಂದನೇ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ಬಿಟ್ಟರೆ ಎಂಜಿನ್ನೇ ನಾಲ್ಕೂ ಚಕ್ರವನ್ನು ತಡೆದು, ಮನುಷ್ಯ ನಡೆಯುವ ವೇಗದಲ್ಲಿ ಇಳಿಸುತ್ತದೆ. ಹಿಂಬದಿ ಅಡ್ಡ ತಿರುಗಲು ಹೊರಟರೆ, ಅದು ಹೋಗುವ ಕಡೆಗೇ ಸ್ಟೀರಿಂಗ್ ಸ್ವಲ್ಪ ತಿರುಗಿಸಿ, ಆಕ್ಸಿಲರೇಟರ್ ಒಂದು ಚೂರು ಕೊಡಿ. ಜಾರುವಾಗ ಆಕ್ಸಿಲರೇಟರ್ ಕೊಡಲು ಮನಸ್ಸು ಒಪ್ಪುವುದಿಲ್ಲ, ನನಗೆ ಗೊತ್ತು. ಆದರೆ ಚಕ್ರ ಮತ್ತೆ ಉರುಳಿದರಷ್ಟೇ ಹಿಡಿತ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಎರಡು ಸಲ ಓದಿ. ನಿಮ್ಮ ಲಿವರ್‌ನಲ್ಲಿ 4ಎಚ್ ಮತ್ತು 4ಎಲ್ ನಡುವೆ ಎನ್ ಇದೆ. ಲಿವರ್ ಅಲ್ಲೇ ನಿಂತರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇರುವುದಿಲ್ಲ. ಗೇರಿನಲ್ಲಿ ನಿಲ್ಲಿಸಿದ್ದೇನೆ ಎಂದು ನೀವು ನಂಬಿರುತ್ತೀರಿ, ಗಾಡಿ ಉರುಳಿ ಹೋಗುತ್ತದೆ. ಆದ್ದರಿಂದ 4ಎಲ್ ಹಾಕುವುದು ಇಳಿಜಾರು ಶುರುವಾಗುವ ಮೊದಲೇ, ಮಟ್ಟಸ ಜಾಗದಲ್ಲಿ. ಪೂರ್ತಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ಗೆ ತಂದು, ಕ್ಲಚ್ ಒತ್ತಿ ಲಿವರನ್ನು 4ಎಲ್‌ಗೆ ದಬ್ಬಿ. ಮೀಟರ್ ಪಟ್ಟಿಯಲ್ಲಿ ದೀಪ ಸರಿಯಾಗಿ ಬಂದ ಮೇಲೆ ಹೊರಡಿ. ಸಂಜೆ ಹತ್ತುವಾಗ ಏರಿನ ನಡುವೆ ಗಾಡಿ ಸೋತರೆ ಅಲ್ಲಿ ತಿರುಗಿಸಲು ಹೋಗಬೇಡಿ. ಅಡ್ಡ ನಿಂತ ಗಾಡಿ ಮಗುಚುತ್ತದೆ. ರಿವರ್ಸ್ ಗೇರ್ ಹಾಕಿ ಬಂದ ದಾರಿಯಲ್ಲೇ ನೆಟ್ಟಗೆ ಹಿಂದಕ್ಕಿಳಿಯಿರಿ. ಹತ್ತುವಾಗ ಹಿಂದಿನ ಒಂದು ಚಕ್ರ ಸುಮ್ಮನೆ ಸುತ್ತತೊಡಗಿದರೆ ಗಾಬರಿಯಾಗಿ ಕಾಲು ತೆಗೆಯಬೇಡಿ. ಎಲ್‌ಎಕ್ಸ್‌ನಲ್ಲಿ ಹಿಂದಿನ ಡಿಫರೆನ್ಷಿಯಲ್ ತಾನೇ ಲಾಕ್ ಆಗುತ್ತದೆ. ಎರಡು ಚಕ್ರಗಳ ವೇಗದಲ್ಲಿ ಸಾಕಷ್ಟು ವ್ಯತ್ಯಾಸ ಬಂದಾಗ ಮಾತ್ರ ಅದು ಕಚ್ಚುವುದು. ಆಕ್ಸಿಲರೇಟರ್ ಒಂದೇ ಸಮ ಹಿಡಿದರೆ ‘ಟಕ್’ ಎಂದು ಹಿಡಿದುಕೊಂಡು ಎಳೆಯುತ್ತದೆ.

ಘಾಟಿಯಲ್ಲೂ 4ಎಚ್ ಇರಲಿ ಎಂಬ ಸಲಹೆಯನ್ನು ಖಂಡಿತ ಪಾಲಿಸಬೇಡಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತುತ್ತವೆ. ಆ ವ್ಯತ್ಯಾಸ ನುಂಗಲು ನಿಮ್ಮ ಗಾಡಿಯ ನಡುವೆ ಡಿಫರೆನ್ಷಿಯಲ್ ಇಲ್ಲ. ಕೆಸರಿನಲ್ಲಿ ಚಕ್ರ ತುಸು ಜಾರಿ ಸರಿಹೋಗುತ್ತದೆ, ಟಾರಿನಲ್ಲಿ ಜಾರಲು ಜಾಗವಿಲ್ಲದೆ ಶಾಫ್ಟು, ಗೇರುಗಳೆಲ್ಲ ಹುರಿಗೊಳ್ಳುತ್ತವೆ. ಸ್ಟೀರಿಂಗ್ ಬಿಗಿಯಾಗುತ್ತದೆ, ಟೈರ್ ಸವೆಯುತ್ತದೆ, ಲಿವರ್ 2ಎಚ್‌ಗೆ ಬರಲು ಹಟ ಮಾಡುತ್ತದೆ. ಮಳೆಯಲ್ಲಿ ನೆನೆದ ಟಾರಿಗೂ ಇದೇ ಮಾತು. ಗೇಟು ದಾಟಿ ಟಾರು ಹತ್ತಿದ ತಕ್ಷಣ 2ಎಚ್. ಶಿರಾಡಿ ಇಳಿಯುವಾಗ ನಿಮ್ಮನ್ನು ಕಾಯುವುದು ಕಡಿಮೆ ವೇಗ, ತಗ್ಗಿನ ಗೇರ್ ಮತ್ತು ಒಳ್ಳೆಯ ರಬ್ಬರ್.

ಈಗ ಟೈರಿನ ವಿಷಯ. ದುಡ್ಡು ಬಿಚ್ಚುವ ಮೊದಲು ಈಗಿರುವ ಟೈರಿನ ಪಕ್ಕ ಟಾರ್ಚ್ ಹಿಡಿದು ಕುಳಿತುಕೊಳ್ಳಿ. ಡಿಒಟಿ ಎಂದಿರುವ ಸಾಲಿನ ಕೊನೆಯ ನಾಲ್ಕು ಅಂಕಿ ಟೈರ್ ಹುಟ್ಟಿದ ವಾರ, ವರ್ಷ ಹೇಳುತ್ತವೆ. 1521 ಎಂದಿದ್ದರೆ 2021ರ ಹದಿನೈದನೇ ವಾರ. ಗಾಡಿಯ ಜೊತೆ ಬಂದ ಟೈರೇ ಆಗಿದ್ದರೆ ರಬ್ಬರ್ ಈಗಾಗಲೇ ಗಟ್ಟಿಯಾಗಿರುತ್ತದೆ. ಗೀರುಗಳ ಒಳಗಿನ ಸಣ್ಣ ದಿಂಡು 1.6 ಮಿಲಿಮೀಟರ್ ಎತ್ತರದ್ದು, ಮೇಲ್ಮೈ ಅದಕ್ಕೆ ಸಮವಾದರೆ ಟೈರ್ ಮುಗಿಯಿತು. ಮಲೆನಾಡಿನ ಕೆಸರಿಗೆ ಅಷ್ಟರವರೆಗೂ ಕಾಯಬಾರದು.

ಬದಲಿಸುವುದಾದರೆ ಕಂಪನಿ ಕೊಟ್ಟ ಅಳತೆಯಲ್ಲೇ, ಅಂದರೆ 255/65 ಆರ್18ರಲ್ಲೇ, ಆಲ್ ಟೆರೇನ್ ಟೈರ್ ಹಾಕಿಸಿ. ಮಡ್ ಟೈರಿನ ಗಟ್ಟಿ ಮುದ್ದೆಗಳು ಕೆಸರನ್ನು ಚೆನ್ನಾಗಿ ಉಗುಳುತ್ತವೆ ನಿಜ. ಆದರೆ ಟಾರಿಗೆ ತಾಗುವ ರಬ್ಬರ್ ಅದರಲ್ಲಿ ಕಡಿಮೆ, ನೀರು ಹಿಂಡುವ ಸಣ್ಣ ಸೀಳುಗಳೂ ಕಡಿಮೆ. ಒದ್ದೆ ಹೆದ್ದಾರಿಯಲ್ಲಿ ಲಾರಿಯ ಹಿಂದೆ ಬ್ರೇಕ್ ಒತ್ತಿದಾಗ ಆ ಕೊರತೆ ಕಾಣುತ್ತದೆ. ತೋಟ ಬಿಟ್ಟು ಹೊರಗೆ ಹೋಗದ ಜೀಪಿಗೆ ಅದು ಸರಿ, ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಗಾಡಿಗೆ ಬೇಡ.

ಅಗಲದ ಟೈರಂತೂ ನಿಮ್ಮ ಮಣ್ಣಿಗೆ ತಪ್ಪು ಔಷಧ. ಸಕಲೇಶಪುರದ ಕಡೆಯ ತೋಟದ ದಾರಿಯಲ್ಲಿ ಮೇಲೆ ನಾಲ್ಕು ಬೆರಳು ಲೊಳೆ, ಕೆಳಗೆ ಮಳೆಗೂ ಕರಗದ ಗಟ್ಟಿ ಕೆಮ್ಮಣ್ಣು. ಕಿರಿದಾದ ಟೈರ್ ಲೊಳೆಯನ್ನು ಕೊಯ್ದು ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ, ಅಗಲದ್ದು ಮೇಲೆಯೇ ತೇಲುತ್ತದೆ. ಹಳೆಯ ಜೀಪುಗಳ ಸಪೂರ ಟೈರ್ ಮಲೆನಾಡಿನಲ್ಲಿ ಅಷ್ಟು ಕಾಲ ಬಾಳಿದ್ದು ಸುಮ್ಮನೆ ಅಲ್ಲ. ಸಮುದ್ರದ ಮರಳಿನಲ್ಲಾದರೆ ತೇಲುವ ಟೈರೇ ಬೇಕು. ಬಯಲುಸೀಮೆಯ ಎರೆಮಣ್ಣಿನ ಕಥೆಯೇ ಬೇರೆ. ಅಲ್ಲಿ ಯಾವ ಟೈರಿಗೂ ಮಣ್ಣು ಮೆತ್ತಿ ಚಕ್ರ ರೊಟ್ಟಿಯಂತೆ ನುಣ್ಣಗಾಗುತ್ತದೆ, ಮಳೆ ಬಿದ್ದ ದಿನ ಗಾಡಿ ಇಳಿಸದಿರುವುದೇ ಜಾಣತನ. ಗಾಡಿ ಎತ್ತರಿಸುವುದೂ ಬೇಡ. ಎತ್ತರಿಸಿದಷ್ಟೂ ಭಾರ ಮೇಲಕ್ಕೇರುತ್ತದೆ, ನಿಮ್ಮ ಇಳಿಜಾರಿನಲ್ಲಿ ಅಡ್ಡ ಜಾರಿದಾಗ ಮಗುಚುವ ಭಯ ಹೆಚ್ಚುತ್ತದೆ.

ಹೊಸ ಟೈರ್ ನಾಲ್ಕನ್ನೂ ಒಟ್ಟಿಗೆ ಹಾಕಿಸಿ. ಹಿಂದೆ ಹೊಸದು, ಮುಂದೆ ಸವೆದದ್ದು ಎಂದರೆ ಸುತ್ತಳತೆ ಬೇರೆಯಾಗಿ ಫೋರ್ ವೀಲ್ ಹಾಕಿದಾಗ ಆಗಲೇ ಹೇಳಿದ ಹುರಿ ನೆಟ್ಟನೆಯ ದಾರಿಯಲ್ಲೂ ಬೀಳುತ್ತದೆ. ಸ್ಟೆಪ್ನಿಯೂ ಅದೇ ಅಳತೆಯದಿರಲಿ.

ಗಾಳಿಯ ಬಗ್ಗೆ ಯಾರೂ ನಿಮಗೆ ಹೇಳಿಲ್ಲ ಎಂಬುದೇ ನನ್ನ ಬೇಸರ. ಗಾಳಿ ಇಳಿಸಿದರೆ ಟೈರ್ ನೆಲದ ಮೇಲೆ ಉದ್ದಕ್ಕೆ ಹರಡಿಕೊಂಡು ಕಲ್ಲು, ಬೇರುಗಳನ್ನು ತಬ್ಬುತ್ತದೆ. ರಸ್ತೆಗೆ ಎಷ್ಟು ಬೇಕೆಂಬುದು ಬಾಗಿಲ ಚೌಕಟ್ಟಿನ ಚೀಟಿಯಲ್ಲಿದೆ. ತೀರಾ ಕೆಟ್ಟ ದಿನ, ತೋಟದೊಳಗೆ ಮಾತ್ರ ಓಡಾಡುವಾಗ 22 ಪಿಎಸ್‌ಐಗೆ ಇಳಿಸಿ ನೋಡಿ, ವ್ಯತ್ಯಾಸ ಸ್ಟೀರಿಂಗ್‌ನಲ್ಲೇ ತಿಳಿಯುತ್ತದೆ. 18ಕ್ಕಿಂತ ಕೆಳಗೆ ಹೋಗಬೇಡಿ, ತಿರುವಿನಲ್ಲಿ ಟೈರ್ ರಿಮ್ಮಿನಿಂದ ಕಳಚಬಹುದು. ಆ ಗಾಳಿಯಲ್ಲೇ ಹೆದ್ದಾರಿಗೆ ಹೋದರೆ ಟೈರ್ ಕಾದು ಸಿಡಿಯುವ ಅಪಾಯವಿದೆ. ಗಾಡಿಯ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ಕಂಪ್ರೆಸರ್ ಮತ್ತು ಒಂದು ಗೇಜ್ ಕೊಂಡುಕೊಳ್ಳಿ. ಶಾಲೆಯ ಅವಸರದ ಬೆಳಗಿನಲ್ಲಿ ಗಾಳಿ ಇಳಿಸಿ ತುಂಬಿಸುವ ಕೆಲಸ ನಡೆಯದು, ಆ ದಿನಗಳಲ್ಲಿ ರಸ್ತೆಯ ಗಾಳಿಯೇ ಇರಲಿ, ಲೋ ಗೇರ್ ಸಾಕು. ಆಷಾಢದಲ್ಲಿ ಅಕ್ಕಪಕ್ಕದ ತೋಟದವರು ಚಕ್ರಕ್ಕೆ ಚೈನು ಕಟ್ಟುವುದನ್ನು ನೀವು ನೋಡಿರುತ್ತೀರಿ. ಒಳ್ಳೆಯ ಉಪಾಯ, ಆದರೆ ಟಾರಿಗೆ ಮೊದಲು ಬಿಚ್ಚಲೇಬೇಕು.

ಮಡ್ ಟೈರಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಒಂದು ಪಾಲನ್ನು ಆ ಇಳಿಜಾರಿಗೇ ಹಾಕಿ ಎಂಬುದು ನನ್ನ ಖಚಿತ ಅಭಿಪ್ರಾಯ. ದಾರಿಯ ಮೇಲೆ ನೀರು ಹರಿಯದಂತೆ ಮೇಲುಗಡೆ ಓರೆಯಾಗಿ ಎರಡು ಅಡ್ಡ ಚರಂಡಿ ಕಡಿಸಿ. ಚಕ್ರ ಹಾಯುವ ಎರಡು ಜಾಡಿಗೆ ಮಾತ್ರ ದಪ್ಪ ಕಲ್ಲು ಹಾಸಿ ಮೇಲೆ ಚರಳು ತುಂಬಿಸಿ. ಹಾಸಿದ ಕಲ್ಲಿನ ಮೇಲೆ ಹಳೆಯ ಟೈರೂ ಹಿಡಿಯುತ್ತದೆ, ಆಳುಗಳೂ ಬೀಳದೆ ನಡೆದಾಡುತ್ತಾರೆ.

ಈ ಭಾನುವಾರ ಮನೆಯವರು ಇರುವಾಗ ಮಕ್ಕಳನ್ನು ಅವರ ಹತ್ತಿರ ಬಿಟ್ಟು, ಖಾಲಿ ಗಾಡಿಯಲ್ಲಿ ಆ ಇಳಿಜಾರನ್ನು 4ಎಲ್‌ನಲ್ಲಿ ಹತ್ತು ಸಲ ಇಳಿಸಿ. ಮಳೆ ಬರುತ್ತಿದ್ದರೆ ಇನ್ನೂ ಒಳ್ಳೆಯದು. ನಿಮ್ಮ ಕಾಲಿಗೆ ಬ್ರೇಕ್ ಮರೆತು ಹೋಗಬೇಕು. ಅದಾದ ಮೇಲೂ ಒಂದು ವಾರ ಮಕ್ಕಳನ್ನು ಇಳಿಜಾರಿನ ಮೇಲ್ತುದಿಯಲ್ಲೇ ಇಳಿಸಿ. ನೀವು ಗಾಡಿಯನ್ನು ಕೆಳಗೆ ತಂದು ನಿಲ್ಲಿಸಿ, ಅವರು ಕೊಡೆ ಹಿಡಿದು, ಗಾಡಿ ಇಳಿದ ದಾರಿಯಲ್ಲೇ ನಡೆದು ಬರಲಿ. ಮಗಳು ತಾನಾಗಿ ‘ನಾನೂ ಗಾಡಿಯಲ್ಲೇ ಇಳಿಯುತ್ತೇನೆ’ ಎನ್ನುವ ತನಕ ಕಾಯಿರಿ, ಅವಸರ ಮಾಡಬೇಡಿ.