ಹೊಳೆಯಂಚಿನ ಮನೆಗಳು

ಹೊಳೆಯನ್ನು ತಾಯಿ ಎಂದು ಕರೆಯುವುದು ನಮ್ಮ ನಾಡಿನ ವಾಡಿಕೆ. ಕುಡಿಯಲು ನೀರು, ಪೈರಿಗೆ ತೇವ, ದನಕರುಗಳಿಗೆ ಹಸುರು ಎಲ್ಲವೂ ಅವಳ ಕೊಡುಗೆ. ಆದರೆ ಆ ತಾಯಿಯೇ ಮಳೆಗಾಲದಲ್ಲಿ ಮುನಿದು ಮನೆಯ ಹೊಸ್ತಿಲಿಗೆ ಬಂದರೆ ಮಕ್ಕಳು ಎಲ್ಲಿಗೆ ಹೋಗಬೇಕು? ಒಮ್ಮೆ ಬಂದರೆ ಸಹಿಸಬಹುದು. ಮತ್ತೆಮತ್ತೆ ಬರುವುದಾದರೆ ಆ ಮನೆಯಲ್ಲಿ ಉಳಿಯಬೇಕೆ, ಅದನ್ನು ಬಿಟ್ಟು ಏಳಬೇಕೆ? ಕೇಳಲು ಸುಲಭವಾದರೂ ಉತ್ತರಿಸಲು ಕಠಿಣವಾದ ಪ್ರಶ್ನೆ ಇದು.

ತುಂಗೆ ಮತ್ತು ಭದ್ರೆ ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗದ ಸಮೀಪದ ಕೂಡಲಿಯಲ್ಲಿ ಒಂದಾಗುತ್ತವೆ. ಅಲ್ಲಿಂದ ಮುಂದೆ ತುಂಗಭದ್ರೆಯಾಗಿ ನ್ಯಾಮತಿ, ಹೊನ್ನಾಳಿ ಸೀಮೆಯ ಹೊಲಗದ್ದೆಗಳನ್ನು ಸೋಂಕಿ ಹರಿಹರದತ್ತ ಸಾಗುತ್ತವೆ. ಲಕ್ಕವಳ್ಳಿಯ ಭದ್ರಾ ಜಲಾಶಯವು ಸುಮಾರು 71.5 ಟಿ.ಎಂ.ಸಿ. ನೀರನ್ನು ಹಿಡಿದಿಡಬಲ್ಲದು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಗಾಜನೂರಿನ ತುಂಗಾ ಅಣೆಕಟ್ಟಿನ ಒಡಲಾದರೋ ಬಹಳ ಕಿರಿದು. ಅದರಲ್ಲಿ ನಿಲ್ಲುವ ನೀರು ಸುಮಾರು 3.24 ಟಿ.ಎಂ.ಸಿ. ಮಾತ್ರ. ಮುಂಗಾರು ಬಿರುಸಾದ ಕೆಲವೇ ದಿನಗಳಲ್ಲಿ ಅದು ತುಂಬಿಬಿಡುತ್ತದೆ. ಆಮೇಲೆ ಶೃಂಗೇರಿ, ತೀರ್ಥಹಳ್ಳಿಗಳ ಕಡೆ ಸುರಿದ ಮಳೆ ಬಹುಮಟ್ಟಿಗೆ ತಡೆಯಿಲ್ಲದೆ ಕೆಳಗಿನ ಊರುಗಳಿಗೆ ಹರಿದುಬರುತ್ತದೆ. ಭದ್ರೆಯೂ ತುಂಬಿದ ವರ್ಷವಂತೂ ಎರಡು ಹೊಳೆಗಳ ಪ್ರವಾಹವನ್ನು ಒಂದೇ ಪಾತ್ರ ಹೊರಬೇಕಾಗುತ್ತದೆ.

ಆಗ ಹೊನ್ನಾಳಿಯ ಬಾಲರಾಜ್ ಘಾಟಿನಂತಹ ತಗ್ಗು ಬಡಾವಣೆಗೆ ನೀರು ನುಗ್ಗುತ್ತದೆ. 2019ರ ಆಗಸ್ಟಿನ ನೆರೆಯಲ್ಲಿಯೂ ಹಾಗೆಯೇ ಆಯಿತು. ಅಲ್ಲಿನ ಕುಟುಂಬಗಳು ಪಾತ್ರೆಪಡಗ, ಹಾಸಿಗೆ, ಮಕ್ಕಳ ಪುಸ್ತಕಗಳನ್ನು ಹೊತ್ತು ಆಸರೆಯ ಕೇಂದ್ರಗಳಿಗೆ ನಡೆಯುತ್ತವೆ. ನೀರು ಇಳಿದ ಮೇಲೆ ಹಿಂದಿರುಗಿ, ಕೆಸರು ಬಳಿದು, ನೆನೆದ ಗೋಡೆಯನ್ನು ಮೆತ್ತಿ, ಮತ್ತೆ ಒಲೆ ಹೂಡುತ್ತವೆ. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಗಾದೆ. ಒಮ್ಮೆ ಕಟ್ಟುವುದೇ ಅಷ್ಟು ಕಷ್ಟವಾದರೆ, ಪದೇ ಪದೇ ಕಟ್ಟುವವರ ಪಾಡೇನು?

“ಇಷ್ಟು ಕಷ್ಟವಿದ್ದೂ ಅವರೇಕೆ ಅಲ್ಲಿಯೇ ಇರುತ್ತಾರೆ?” ಎಂದು ದಡದ ಮೇಲಿನವರು ಕೇಳುವುದುಂಟು. ಎತ್ತರದ ನೆಲ ಬೆಲೆಯುಳ್ಳ ನೆಲ; ಬಡವನ ಪಾಲಿಗೆ ಉಳಿಯುವುದು ತಗ್ಗು. ಇದಲ್ಲದೆ, ಮನೆಯೆಂದರೆ ಕೇವಲ ನಾಲ್ಕು ಗೋಡೆಯಲ್ಲ. ಕೂಲಿಗೆ ಕರೆಯುವವರು, ಸಾಲ ಕೊಡುವ ಅಂಗಡಿಯವರು, ಮಗುವನ್ನು ನೋಡಿಕೊಳ್ಳುವ ನೆರೆಯವರು, ನಡೆದುಹೋಗುವಷ್ಟು ಹತ್ತಿರದ ಶಾಲೆ ಇವೆಲ್ಲ ಸೇರಿ ಮನೆಯಾಗುತ್ತದೆ. ಗೋಡೆಯನ್ನು ಬೇರೆಡೆ ಕಟ್ಟಬಹುದು. ಈ ಸಂಬಂಧಗಳನ್ನು ಲಾರಿಯಲ್ಲಿ ಹೇರಿ ಸಾಗಿಸಲಾಗದು.

ಈ ಸತ್ಯವನ್ನು ನಮ್ಮ ನಾಡು ದೊಡ್ಡ ಬೆಲೆ ತೆತ್ತು ಕಲಿಯಿತು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಭೀಕರ ನೆರೆ ಬಂದಿತು. ಇನ್ನೂರಕ್ಕೂ ಹೆಚ್ಚು ಜನ ಅಸುನೀಗಿದರು. ಸರ್ಕಾರವು ದಾನಿಗಳ ನೆರವಿನಿಂದ ‘ಆಸರೆ’ ಎಂಬ ಯೋಜನೆಯಲ್ಲಿ ಎತ್ತರದ ನೆಲದ ಮೇಲೆ ಹೊಸ ಊರುಗಳನ್ನು ಕಟ್ಟಿಸಿತು. ಕೆಲವರು ಅಲ್ಲಿಗೆ ಹೋಗಿ ನೆಲೆಸಿದರು. ಆದರೆ ಅನೇಕ ಮನೆಗಳು ಬೀಗ ಹಾಕಿದಂತೆಯೇ ಉಳಿದವು. ಹೊಲ ದೂರವಾಯಿತು, ಎತ್ತು ಕಟ್ಟಲು ಕೊಟ್ಟಿಗೆಯಿಲ್ಲ, ಮೇವಿನ ಬಣವೆಗೆ ಜಾಗವಿಲ್ಲ, ಕೂಡುಕುಟುಂಬಕ್ಕೆ ಕೋಣೆ ಸಾಲದು ಎಂಬುದು ರೈತರ ಅಳಲು. ಅವರು ಹಳೆಯ ಊರಿಗೆ ಮರಳಿದರು. ಹತ್ತು ವರ್ಷಗಳ ನಂತರ, 2019ರಲ್ಲಿ, ಮಲಪ್ರಭೆ, ಘಟಪ್ರಭೆ, ಕೃಷ್ಣೆಯರು ಮತ್ತೆ ಉಕ್ಕಿದಾಗ ಅಂತಹ ಎಷ್ಟೋ ಮನೆಗಳು ಪುನಃ ನೀರಿನಲ್ಲಿ ನಿಂತವು. ಉಳಿದದ್ದು ತಪ್ಪೋ, ಉಳಿಯುವಂತೆ ಮಾಡಿದ ಯೋಜನೆಯ ಕೊರತೆ ತಪ್ಪೋ ಎಂಬುದನ್ನು ನಾವು ವಿಚಾರ ಮಾಡಬೇಕು.

ಭೂಮಿಯಿಲ್ಲದವರ ಸಂಕಟ ಇನ್ನೂ ಆಳವಾದುದು. 2019ರಲ್ಲಿ ಕಾವೇರಿ ಉಕ್ಕಿದಾಗ ಕೊಡಗಿನ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಗಳ ನದೀತೀರದ ಮನೆಗಳು ಕೊಚ್ಚಿಹೋದವು. ಅಲ್ಲಿದ್ದವರಲ್ಲಿ ಬಹುಪಾಲು ಕಾಫಿ ತೋಟಗಳ ಕೂಲಿಕಾರರು. ಅದೇ ಸೀಮೆಯ ಯರವ, ಜೇನುಕುರುಬ ಮೊದಲಾದ ಆದಿವಾಸಿಗಳಲ್ಲಿ ಅನೇಕರಿಗೆ ಸ್ವಂತ ನೆಲವೇ ಇಲ್ಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಕಾಡಂಚಿನಲ್ಲಿದ್ದ ಆದಿವಾಸಿಗಳ ಗುಡಿಸಲುಗಳನ್ನು ತೆರವು ಮಾಡಲಾಯಿತು. ದೀರ್ಘ ಹೋರಾಟದ ತರುವಾಯ ಅವರಿಗೆ ಕುಶಾಲನಗರದ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನೆಲೆ ಒದಗಿತು. ಆದರೆ ಕೂಲಿ ಕೊಡುತ್ತಿದ್ದ ತೋಟಗಳು ದೂರವಾದವು. ಸೂರು ಸಿಕ್ಕಿತೆಂದ ಮಾತ್ರಕ್ಕೆ ಬದುಕು ಸಿಕ್ಕಿತೆಂದಾಗದು.

ಹಾಗಾದರೆ ಸ್ಥಳಾಂತರವೇ ಕೂಡದೆ? ಹಾಗೆ ಹೇಳುವುದೂ ಸರಿಯಲ್ಲ. ನೀರಿನ ಅಪಾಯ ನಿಜವಾದುದು. ತಡೆಗೋಡೆಗೂ ಒಂದು ಮಿತಿಯಿದೆ. ಅದನ್ನು ಮೀರಿದ ನೀರು ಒಳನುಗ್ಗುತ್ತದೆ, ಇಲ್ಲವೇ ಎದುರುದಂಡೆಯವರನ್ನು ಪೀಡಿಸುತ್ತದೆ. ಆದುದರಿಂದ ಏಳಬೇಕೆ ಎಂಬುದರ ಜೊತೆಗೆ, ಹೇಗೆ ಏಳಬೇಕು ಎಂಬುದನ್ನೂ ಕೇಳಬೇಕು.

ಇದಕ್ಕೆ ಮಲೆನಾಡಿನಲ್ಲಿಯೇ ಎರಡು ನಿದರ್ಶನಗಳಿವೆ. ಇವೆರಡೂ ನೆರೆಗೆ ಸಂಬಂಧಿಸಿದವಲ್ಲ. ಆದರೂ ಪಾಠ ಒಂದೇ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಶರಾವತಿ ಕಣಿವೆಯ ಸಾವಿರಾರು ಕುಟುಂಬಗಳು ಊರು ತೊರೆದವು. ನಾಡಿಗೆ ಬೆಳಕು ಬಂದಿತು. ಮನೆ ಬಿಟ್ಟವರಲ್ಲಿ ಹಲವರಿಗೆ ಅರ್ಧ ಶತಮಾನ ಕಳೆದರೂ ತಾವು ಉಳುವ ನೆಲದ ಹಕ್ಕುಪತ್ರ ಬರಲಿಲ್ಲ. ಇನ್ನೊಂದು, ಭದ್ರಾ ಅಭಯಾರಣ್ಯದ ಕಥೆ. ಅಲ್ಲಿನ 400ಕ್ಕೂ ಹೆಚ್ಚು ಕುಟುಂಬಗಳು 2001–02ರ ಸುಮಾರಿಗೆ ಕಾಡಿನಿಂದ ಹೊರಬಂದವು. ಅದಕ್ಕೆ ಮುನ್ನ ವರ್ಷಗಳ ಕಾಲ ಮಾತುಕತೆ ನಡೆದಿತ್ತು. ಬಹುಮಂದಿಗೆ ಎಂ.ಸಿ. ಹಳ್ಳಿಯಲ್ಲಿ ನೀರಾವರಿಯ ಜಮೀನು ದೊರೆಯಿತು. ಶಾಲೆ, ರಸ್ತೆಗಳು ಒದಗಿದವು. ಕುಂದುಕೊರತೆಗಳಿದ್ದರೂ ದೇಶದ ಉತ್ತಮ ಪುನರ್ವಸತಿಗಳಲ್ಲಿ ಇದೂ ಒಂದೆಂದು ತಿಳಿದವರು ಎಣಿಸುತ್ತಾರೆ. ಕೇಳಿ, ಒಪ್ಪಿಸಿ, ಕೊಟ್ಟು ಎಬ್ಬಿಸುವುದಕ್ಕೂ, ಎಬ್ಬಿಸಿ ಮರೆಯುವುದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

ದೂರದ ಕೆನಡಾದಲ್ಲಿಯೂ ಇದೇ ಪ್ರಶ್ನೆಯಿದೆ. ಆಲ್ಬನಿ ನದಿಯ ತೀರದ ಕಶೆಚೆವಾನ್ ಎಂಬುದು ಕ್ರೀ ಎಂಬ ಮೂಲನಿವಾಸಿಗಳ ಊರು. ವಸಂತದಲ್ಲಿ ಮಂಜುಗಡ್ಡೆ ಒಡೆದು ಹೊಳೆ ಕಟ್ಟಿಕೊಳ್ಳುವ ಭೀತಿಯಿಂದ ಆ ಜನರನ್ನು ಎಷ್ಟೋ ವರ್ಷ ವಿಮಾನದಲ್ಲಿ ದೂರದ ಪಟ್ಟಣಗಳಿಗೆ ಸಾಗಿಸಬೇಕಾಯಿತು. ಎತ್ತರದ ನೆಲಕ್ಕೆ ಊರನ್ನೇ ಒಟ್ಟಾಗಿ ಒಯ್ಯಬೇಕೆಂಬುದು ಅವರದೇ ಬೇಡಿಕೆ. ಅದಕ್ಕಾಗಿ 2019ರಲ್ಲಿ ಸರ್ಕಾರಗಳೊಡನೆ ಒಪ್ಪಂದವೂ ಆಯಿತು. ಆದರೆ ಒಪ್ಪಂದ ಬರೆದಷ್ಟು ಬೇಗ ಊರು ಏಳದು.

ಹೊಳೆಗೆ ತನ್ನದೇ ಆದ ಅಗಲವುಂಟು. ಬೇಸಗೆಯಲ್ಲಿ ಬಿಟ್ಟ ಜಾಗವನ್ನು ಮಳೆಗಾಲದಲ್ಲಿ ಅದು ಕೇಳುತ್ತದೆ. ಅದನ್ನು ಬಿಟ್ಟುಕೊಡುವುದು ವಿವೇಕ. ಆದರೆ ಬಿಟ್ಟುಕೊಡುವ ಭಾರವನ್ನೆಲ್ಲ ಬಡವರ ತಲೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಏಳಬೇಕಾದವರ ಮಾತನ್ನು ಮೊದಲು ಕೇಳಬೇಕು. ನೆರೆಹೊರೆಯನ್ನು ಚದುರಿಸದೆ ಒಂದೆಡೆ ನೆಲೆಗೊಳಿಸಬೇಕು. ದುಡಿಮೆ ಕೈಗೆಟುಕುವಂತಿರಬೇಕು, ಹಕ್ಕುಪತ್ರ ಮನೆಯ ಕೀಲಿಯೊಡನೆಯೇ ದೊರೆಯಬೇಕು. ಮತ್ತು ಈ ಕೆಲಸ ಬೇಸಗೆಯಲ್ಲಿಯೇ ಆಗಬೇಕು. ನೀರು ಇಳಿದೊಡನೆ ಅನುಕಂಪವೂ ಇಳಿದುಹೋಗುವುದು ಲೋಕದ ರೂಢಿ. ಮುಂದೆ ನಾಡಿನ ಹೊಣೆ ಹೊರುವ ನೀವಾದರೂ ಆ ರೂಢಿಯನ್ನು ಮುರಿಯಬೇಕು.