ಒಂದೇ ಹೊಳ್ಳೆ ಕಟ್ಟಿದರೆ ತಡಮಾಡಬೇಡಿ

ನನ್ನ ಮೂಗಿನಲ್ಲಿ ದುರ್ಮಾಂಸ ಬೆಳೆದಿದ್ದು ಮನೆಯವರಿಗೆಲ್ಲ ಗೊತ್ತು. ಹಾಗಾಗಿ ಬಡಗಿ ಕೆಲಸದ ಅಣ್ಣನ ಮೂಗೂ ಕಟ್ಟತೊಡಗಿದಾಗ, ಅವನಿಗೂ ಅದೇ ಬಂದಿದೆ ಎಂದುಕೊಂಡರು. ಬಯಾಪ್ಸಿ ವರದಿ ಬೇರೆಯೇ ಹೇಳಿತು. ನನ್ನದು ಸಾಮಾನ್ಯ ಪಾಲಿಪ್, ಅಣ್ಣನದು ಕ್ಯಾನ್ಸರ್.

ನನಗೆ ಎರಡೂ ಹೊಳ್ಳೆ ಕಟ್ಟುತ್ತಿದ್ದವು. ಜೊತೆಗೆ ಆಸ್ತಮಾ. ಒಗ್ಗರಣೆ ಸೀದರೂ ವಾಸನೆ ಬರುತ್ತಿರಲಿಲ್ಲ. ಎಂಡೋಸ್ಕೋಪ್ ಹಾಕಿದ ಇಎನ್‌ಟಿ ಡಾಕ್ಟರು ಪರದೆಯ ಮೇಲೆ ತೋರಿಸಿದರು: ಸಿಪ್ಪೆ ಸುಲಿದ ದ್ರಾಕ್ಷಿಯಂತೆ ಮಸುಕಾಗಿ ಹೊಳೆಯುವ ಗೊಂಚಲು. ಮುಟ್ಟಿದರೆ ನೋವಿಲ್ಲ, ರಕ್ತವಿಲ್ಲ. ಬಹುಕಾಲದ ಉರಿಯೂತದಿಂದ ಸೈನಸ್ಸಿನ ಒಳಪೊರೆ ಊದಿ ಜೋತುಬಿದ್ದರೆ ಹೀಗಾಗುತ್ತದಂತೆ. ಸ್ಟೀರಾಯ್ಡ್ ಸ್ಪ್ರೇಗೆ ಕುಗ್ಗುತ್ತದೆ, ಮತ್ತೆ ಬೆಳೆಯುವುದೂ ಉಂಟು. ಆದರೆ ಕ್ಯಾನ್ಸರ್‌ಗೆ ತಿರುಗುವುದು ತೀರಾ ಅಪರೂಪ.

ಅಣ್ಣನಿಗೆ ಕಟ್ಟಿದ್ದು ಎಡ ಹೊಳ್ಳೆ ಮಾತ್ರ. ಸಿಂಬಳದಲ್ಲಿ ಆಗಾಗ ರಕ್ತ. ಆಮೇಲೆ ಎಡಗಣ್ಣಿನಲ್ಲಿ ನೀರು ಸುರಿಯತೊಡಗಿತು. ಡಾಕ್ಟರು ಮೊದಲು ಕೇಳಿದ್ದೇ ಅವನ ಕಸುಬನ್ನು. ಮರದ ಧೂಳು ಮೂಗು ಮತ್ತು ಸೈನಸ್ಸಿನ ಕ್ಯಾನ್ಸರ್‌ಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪ್ರಕಟಿಸಿದೆ. ಧೂಳು ಕುಡಿದ ಎಷ್ಟೋ ವರ್ಷಗಳ ನಂತರ ರೋಗ ಕಾಣಿಸಿಕೊಳ್ಳಬಹುದು. ಸಿಟಿ ಸ್ಕ್ಯಾನಿನಲ್ಲಿ ಮೂಳೆ ಸವೆದಿತ್ತು. ಕಣ್ಣು, ಮಿದುಳಿನ ಕಡೆಗೆ ಹಬ್ಬಿದೆಯೇ ಎಂದು ಎಂಆರ್‌ಐ ಮಾಡಿಸಿದರು. ಶಸ್ತ್ರಚಿಕಿತ್ಸೆ, ರೇಡಿಯೇಷನ್ ಮುಗಿಸಿ ಅಣ್ಣ ಈಗ ತಪ್ಪದೆ ತಪಾಸಣೆಗೆ ಹೋಗುತ್ತಾನೆ.

ಒಂದೇ ಕಡೆ ಬೆಳೆದದ್ದೆಲ್ಲ ಕ್ಯಾನ್ಸರ್ ಅಲ್ಲ. ಮಕ್ಕಳಲ್ಲಿ, ಹರೆಯದವರಲ್ಲಿ ಒಂದೇ ಬದಿಗೆ ಬರುವ ನಿರಪಾಯದ ಪಾಲಿಪ್ ಇದೆ. ಕೆರೆ, ಹೊಂಡಗಳಲ್ಲಿ ಸ್ನಾನ ಮಾಡುವವರಿಗೆ ಬರುವ ರೈನೋಸ್ಪೊರಿಡಿಯೋಸಿಸ್ ಎಂಬ ಸೋಂಕಿನ ಗಡ್ಡೆ ಕೆಂಪಗಿದ್ದು ಸುಲಭವಾಗಿ ರಕ್ತ ಸುರಿಸುತ್ತದೆ, ಆದರೆ ಅದು ಕ್ಯಾನ್ಸರ್ ಅಲ್ಲ. ಇನ್ವರ್ಟೆಡ್ ಪ್ಯಾಪಿಲೋಮ ಎಂಬುದೂ ಕ್ಯಾನ್ಸರ್ ಅಲ್ಲ. ಆದರೆ ಅದು ಮೂಳೆಯನ್ನು ಸವೆಸುತ್ತದೆ, ತೆಗೆದರೂ ಮರುಕಳಿಸಬಹುದು, ಕೆಲವರಲ್ಲಿ ಕ್ಯಾನ್ಸರ್‌ಗೂ ತಿರುಗುತ್ತದೆ. ಹದಿಹರೆಯದ ಹುಡುಗರಲ್ಲಿ ಮೂಗು ಕಟ್ಟಿ ಪದೇ ಪದೇ ರಕ್ತ ಬರುತ್ತಿದ್ದರೆ ಅದು ರಕ್ತನಾಳಗಳ ಗಡ್ಡೆಯಿರಬಹುದು. ಸ್ಕ್ಯಾನ್ ಮಾಡದೆ ಚೂರು ತೆಗೆದರೆ ವಿಪರೀತ ರಕ್ತಸ್ರಾವವಾದೀತು. ಇಷ್ಟೆಲ್ಲ ಬಗೆಗಳಿರುವಾಗ ಟಾರ್ಚ್ ಬಿಟ್ಟು ನೋಡಿ ಯಾರೂ ತೀರ್ಮಾನಿಸಲಾಗದು. ಕೊನೆಯ ಮಾತು ಪೆಥಾಲಜಿ ವರದಿಯದೇ.

ಒಂದೇ ಹೊಳ್ಳೆ ಕಟ್ಟಿ ವಾರಗಟ್ಟಲೆ ಬಿಡದಿದ್ದರೆ, ರಕ್ತ ಬಂದರೆ, ಕೆನ್ನೆ ಜೋಮು ಹಿಡಿದರೆ, ಮೇಲಿನ ಹಲ್ಲು ಅಲುಗಿದರೆ, ವಸ್ತು ಎರಡೆರಡಾಗಿ ಕಂಡರೆ, ಕಣ್ಣು ಮುಂದಕ್ಕೆ ಬಂದರೆ, ಕುತ್ತಿಗೆಯಲ್ಲಿ ಗಂಟು ಕಂಡರೆ ಅಂಗಡಿಯ ಡ್ರಾಪ್ಸ್ ಹಾಕಿಕೊಂಡು ಕೂರಬೇಡಿ, ಇಎನ್‌ಟಿ ತಜ್ಞರಲ್ಲಿಗೆ ಹೋಗಿ. ಶಸ್ತ್ರಚಿಕಿತ್ಸೆಯಾದರೆ, ತೆಗೆದ ಮಾಂಸವನ್ನು ಲ್ಯಾಬಿಗೆ ಕಳಿಸಿದ್ದಾರೆಯೇ ಎಂದು ಕೇಳಿ, ವರದಿ ಕೈಗೆ ಬರುವವರೆಗೂ ವಿಚಾರಿಸುತ್ತಿರಿ. ಮರದ ಕೆಲಸದವರೇ, ಉಜ್ಜುವಾಗ, ಕೊಯ್ಯುವಾಗ ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ.