ಹಳೇ ಫಿಸಿಕ್ಸ್ ಪುಸ್ತಕಕ್ಕೆ ಎಷ್ಟು ಕೊಡಬಹುದು

ಹಳೇ ಫಿಸಿಕ್ಸ್ ಪುಸ್ತಕ ಕೊಳ್ಳುವಾಗ ರಟ್ಟು ಹರಿದಿದೆಯೇ, ಒಳಗೆ ಎಷ್ಟು ಗೀಟು ಹಾಕಿದ್ದಾರೆ ಎಂದು ನೋಡುವವರೇ ಹೆಚ್ಚು. ಮೊದಲು ತಿರುವಬೇಕಾದದ್ದು ಶೀರ್ಷಿಕೆ ಪುಟದ ಹಿಂಬದಿ. ಆವೃತ್ತಿ, ಮುದ್ರಣದ ವರ್ಷ ಸಾಮಾನ್ಯವಾಗಿ ಅಲ್ಲೇ ಸಿಗುತ್ತವೆ. ಮರುಮುದ್ರಣದಲ್ಲಿ ಬಹುಮಟ್ಟಿಗೆ ಹಿಂದಿನ ಪಾಠವೇ ಇರುತ್ತದೆ; ಹೊಸ ಆವೃತ್ತಿಯಲ್ಲಿ ಪಾಠವೋ ಲೆಕ್ಕಗಳೋ ಬದಲಾಗಿರುತ್ತವೆ.

ಈ ನಿಯಮಕ್ಕೆ ದೊಡ್ಡ ಅಪವಾದ ಎನ್‌ಸಿಇಆರ್‌ಟಿ. ದಾವಣಗೆರೆಯ ನಿಟ್ಟುವಳ್ಳಿಯ ಪಿಯು ಹುಡುಗರು ಸೀನಿಯರ್‌ಗಳಿಂದ ಅರ್ಧ ರೇಟಿಗೆ ಇಸಿದುಕೊಳ್ಳುವ ಪುಸ್ತಕ ಇದೇ. 11ನೇ ತರಗತಿಯ ಪುಸ್ತಕದ ಮೊದಲ ಆವೃತ್ತಿ 2006ರದು. ಪಕ್ಕದಲ್ಲಿ 1927 ಎಂದು ಕಂಡರೆ ಗಾಬರಿ ಬೇಡ, ಅದು ಶಕ ವರ್ಷ. ಮೊದಲ ಆವೃತ್ತಿಯ ಸಾಲು ಹಾಗೇ ಇದ್ದರೂ ಒಳಗಿನ ಪಾಠ ಮಾತ್ರ ಹಾಗೇ ಉಳಿದಿಲ್ಲ. 2022ರಲ್ಲಿ ಪಾಠಗಳಿಗೆ ಕತ್ತರಿ ಬಿತ್ತು. ಮರುವರ್ಷದಿಂದ ಬಂದ ಪ್ರತಿಗಳು ತೆಳುವಾದವು. 11ನೇ ತರಗತಿಯಲ್ಲಿ ‘ಭೌತ ಜಗತ್ತು’ ಎಂಬ ಮೊದಲ ಅಧ್ಯಾಯವೇ ಹೋಗಿ, ಏಕಮಾನಗಳ ಪಾಠ ಮೊದಲನೆಯದಾಯಿತು. 12ರಲ್ಲಿ ಕೊನೆಯ ಸಂವಹನ ವ್ಯವಸ್ಥೆಯ ಅಧ್ಯಾಯದ ಜೊತೆಗೆ ಪೊಟೆನ್ಶಿಯೋಮೀಟರ್, ಮೀಟರ್ ಬ್ರಿಡ್ಜ್, ಲಾಜಿಕ್ ಗೇಟ್‌ಗಳೂ ಹೋದವು. ಎರಡೂ ತರಗತಿಯಲ್ಲಿ 15 ಅಧ್ಯಾಯವಿದ್ದದ್ದು 14ಕ್ಕಿಳಿಯಿತು. ಪರಿವಿಡಿಯಲ್ಲಿ ಅಧ್ಯಾಯ ಎಣಿಸಿದರೆ ಪುಸ್ತಕ ಯಾವ ಕಾಲದ್ದೆಂದು ಗೊತ್ತಾಗುತ್ತದೆ, ಮಾರುವವರ ಮಾತು ನಂಬಬೇಕಾಗಿಲ್ಲ.

ಈ ವ್ಯತ್ಯಾಸ ಎಷ್ಟು ದುಬಾರಿ ಎಂಬುದನ್ನು 2024ರ ಸಿಇಟಿ ತೋರಿಸಿತು. ಕೈಬಿಟ್ಟ ಪಾಠಗಳಿಂದಲೂ ಪ್ರಶ್ನೆ ಬಂದು ಗಲಾಟೆಯಾದ ಮೇಲೆ ಪರೀಕ್ಷಾ ಪ್ರಾಧಿಕಾರ ಒಟ್ಟು 50 ಪ್ರಶ್ನೆಗಳನ್ನು ಲೆಕ್ಕದಿಂದ ತೆಗೆಯಿತು. ಅದರಲ್ಲಿ ಫಿಸಿಕ್ಸಿನವು 9. ಪ್ರಶ್ನೆಪತ್ರಿಕೆ ರೂಪಿಸಿದವರಿಗೇ ಹಳೇ ಪಾಠ, ಹೊಸ ಪಾಠದ ಗೆರೆ ತಪ್ಪಿದ ಮೇಲೆ ಹದಿನೇಳರ ಹುಡುಗನಿಗೆ ಅದು ತಾನಾಗಿ ಹೊಳೆಯಲಿ ಎನ್ನುವುದು ಅನ್ಯಾಯ.

ಹಾಗೆಂದು ಹಳೇ ಪ್ರತಿಯನ್ನು ತೂಕಕ್ಕೆ ಹಾಕಬೇಕಾಗಿಲ್ಲ. ನೀಟ್ ಮತ್ತು ಜೆಇಇ ಮೇನ್‌ನ ಸಿಲಬಸ್‌ನಲ್ಲಿ ಲಾಜಿಕ್ ಗೇಟ್ ಈಗಲೂ ಇದೆ. ನೀಟ್‌ನ ಪ್ರಯೋಗ ಭಾಗದಲ್ಲಿ ಮೀಟರ್ ಬ್ರಿಡ್ಜ್ ಇದೆ. ಹೊಸ ಎನ್‌ಸಿಇಆರ್‌ಟಿಯಲ್ಲಿ ಇಲ್ಲದ್ದು ಹಳೆಯದರಲ್ಲಿ ಸಿಗುತ್ತದೆ. ಬೋರ್ಡ್ ಪರೀಕ್ಷೆಗೆ ಹೊಸದು, ಪ್ರವೇಶ ಪರೀಕ್ಷೆಗೆ ಪಕ್ಕದಲ್ಲಿ ಹಳೆಯದೊಂದು ಇಟ್ಟುಕೊಂಡರೆ ಚೆನ್ನ. ಆದರೆ ಹಳೆಯದಕ್ಕೆ ಅರ್ಧ ರೇಟು ಜಾಸ್ತಿಯಾಯಿತು. ಎನ್‌ಸಿಇಆರ್‌ಟಿ ಹೊಸ ಪುಸ್ತಕವೇ ಅಗ್ಗ. 2025ಕ್ಕೆ 9ರಿಂದ 12ನೇ ತರಗತಿಯ ಪುಸ್ತಕಗಳ ಬೆಲೆಯನ್ನು ಶೇ 20ರಷ್ಟು ಇಳಿಸಿದ್ದಾರೆ, ಮೇಲಾಗಿ ಪಿಡಿಎಫ್ ಪುಕ್ಕಟೆ. ಅರ್ಧ ರೇಟು ಎಂದಾಗ ಯಾವ ವರ್ಷದ ಮುಖಬೆಲೆಯ ಅರ್ಧ ಎಂದು ಕೇಳಬೇಕು. ಎನ್‌ಸಿಇಆರ್‌ಟಿಯೇ ಮುದ್ರಿಸಿದ ಪ್ರತಿಯಾದರೆ ಹಾಳೆಯನ್ನು ಬೆಳಕಿಗೆ ಹಿಡಿದಾಗ ವಾಟರ್‌ಮಾರ್ಕ್ ಕಾಣಬೇಕು.

ದುಡ್ಡು ನಿಜವಾಗಿ ಉಳಿಯುವುದು ದಪ್ಪ ಪುಸ್ತಕಗಳಲ್ಲಿ. ಎಚ್.ಸಿ. ವರ್ಮ ಅವರ ‘ಕಾನ್ಸೆಪ್ಟ್ಸ್ ಆಫ್ ಫಿಸಿಕ್ಸ್’ ಎರಡು ಸಂಪುಟ, 47 ಅಧ್ಯಾಯ. ಮೊದಲನೆಯದು 22ಕ್ಕೆ ಮುಗಿಯುತ್ತದೆ. ಹತ್ತು ವರ್ಷ ಹಳೆಯ ಪ್ರತಿಯನ್ನೂ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು, ಅಧ್ಯಾಯದ ಕೊನೆಯ ಉತ್ತರಗಳ ಹಾಳೆ ಹರಿದಿಲ್ಲದಿದ್ದರೆ ಸಾಕು. ಹ್ಯಾಲಿಡೆ–ರೆಸ್ನಿಕ್ ಮೊದಲು ಬಂದದ್ದು 1960ರಲ್ಲಿ. ವಾಕರ್ ಸೇರಿದ ‘ಫಂಡಮೆಂಟಲ್ಸ್ ಆಫ್ ಫಿಸಿಕ್ಸ್’ ಈಗ 12ನೇ ಆವೃತ್ತಿಯಲ್ಲಿದೆ. ನ್ಯೂಟನ್ನನ ನಿಯಮ ಮಾತ್ರ ಆವೃತ್ತಿಗೊಂದು ಬಾರಿ ಬದಲಾಗುವುದಿಲ್ಲ. ಬದಲಾಗುವುದು ಹೆಚ್ಚಾಗಿ ಲೆಕ್ಕಗಳ ಕ್ರಮ, ಸಂಖ್ಯೆ. ಮೇಷ್ಟ್ರು ಲೆಕ್ಕದ ನಂಬರ್ ಹೇಳಿ ಹೋಂವರ್ಕ್ ಕೊಡುವವರಾದರೆ, ಇಲ್ಲವೇ ಉತ್ತರ ಬಿಡಿಸಿದ ಕೈಪಿಡಿ ಜೊತೆಗಿದ್ದರೆ ಅದೇ ಆವೃತ್ತಿ ಬೇಕು. ಸ್ವಂತ ಓದಿಗಾದರೆ ಎರಡು ಮೂರು ಆವೃತ್ತಿ ಹಿಂದಿನದೇ ಲಾಭ. ಈ ಅಂಕಣಕಾರನ ಮನೆಯಲ್ಲಿ ಒಂದೇ ಹಳೇ ಪ್ರತಿಯಲ್ಲಿ ಅಣ್ಣ ತಮ್ಮ ಇಬ್ಬರೂ ಓದಿ ಮುಗಿಸಿದ್ದಾರೆ; ಬೈಂಡಿಂಗಿಗೆ ಕೊಟ್ಟದ್ದು ಬಿಟ್ಟರೆ ಬೇರೆ ಖರ್ಚಿಲ್ಲ.

ಇಂಥ ಪುಸ್ತಕದಲ್ಲಿ ಒಂದು ಪುಟ ಮಾತ್ರ ನಿಜಕ್ಕೂ ಹಳತಾಗಿದೆ. ಕಿಲೋಗ್ರಾಂ ಎಂದರೆ ಪ್ಯಾರಿಸ್ ಬಳಿ ಇಟ್ಟಿರುವ ಪ್ಲಾಟಿನಂ–ಇರಿಡಿಯಂ ಉರುಳೆಯ ರಾಶಿ ಎಂದು ಬರೆದಿದ್ದರೆ ಆ ಪಾಠ 2019ರ ಮೇ 20ಕ್ಕಿಂತ ಹಿಂದಿನದು. ಅಂದಿನಿಂದ ಕಿಲೋಗ್ರಾಂ ಪ್ಲಾಂಕ್ ಸ್ಥಿರಾಂಕದ ಮೇಲೆ ನಿಂತಿದೆ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ತಿದ್ದಿಕೊಂಡರಾಯಿತು, ಇದಕ್ಕಾಗಿ ಹೊಸ ಪುಸ್ತಕ ಬೇಡ.

ಎಂಜಿನಿಯರಿಂಗ್‌ಗೆ ಬಂದರೆ ಆವೃತ್ತಿಗಿಂತ ಸ್ಕೀಮ್, ಅಂದರೆ ಪಠ್ಯಕ್ರಮ, ದೊಡ್ಡದು. ದಾವಣಗೆರೆಯ ಯುಬಿಡಿಟಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಘಟಕ ಕಾಲೇಜು, ಬಿಐಇಟಿಯೂ ವಿಟಿಯುವಿಗೇ ಸೇರಿದ್ದು. 2018ರ ಸ್ಕೀಮಿನಲ್ಲಿ ಎಲ್ಲ ಬ್ರಾಂಚಿಗೂ ಒಂದೇ ಎಂಜಿನಿಯರಿಂಗ್ ಫಿಸಿಕ್ಸ್ ಇತ್ತು. 2022ರದ್ದರಲ್ಲಿ ಕಂಪ್ಯೂಟರ್, ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಗುಂಪಿಗೊಂದೊಂದು ಅಪ್ಲೈಡ್ ಫಿಸಿಕ್ಸ್. ಹರಿಹರದಿಂದ ಬಸ್ಸಿಗೆ ಬರುವ ಸಿವಿಲ್ ಹುಡುಗಿಗೆ ಕಂಪ್ಯೂಟರ್ ಬ್ರಾಂಚಿನ ಅಕ್ಕ ಪುಕ್ಕಟೆ ಕೊಟ್ಟರೂ ಆ ಗೈಡು ಅರ್ಧಂಬರ್ಧ. ರಟ್ಟಿನ ಮೇಲಿನ ಸಬ್ಜೆಕ್ಟ್ ಕೋಡ್ ಈ ವರ್ಷದ ಸಿಲಬಸ್ ಪ್ರತಿಯ ಕೋಡ್‌ಗೆ ಅಕ್ಷರಕ್ಷರ ತಾಳೆಯಾಗಬೇಕು. ಬಿಎಸ್‌ಸಿಯಲ್ಲೂ 2024ರಲ್ಲಿ ಎನ್‌ಇಪಿ ಬಿಟ್ಟು ಮೂರು ವರ್ಷದ ಪದವಿಗೆ ಮರಳಿದ ಕಾರಣ ಸೆಮಿಸ್ಟರ್‌ವಾರು ಗೈಡುಗಳ ಗತಿಯೂ ಇದೇ.

ಮಾರುವ ಕಡೆಯಿಂದಲೂ ಲೆಕ್ಕ ಹೀಗೇ. ಗೈಡು, ಪಿಯು ಪುಸ್ತಕಗಳನ್ನು ಪರೀಕ್ಷೆ ಮುಗಿದ ಬೇಸಿಗೆಯಲ್ಲೇ ದಾಟಿಸಬೇಕು. ಸ್ಕೀಮ್ ಬದಲಾದರೆ ಗುಜರಿಯವನ ತಕ್ಕಡಿಯೇ ಗತಿ. ವರ್ಮ, ಹ್ಯಾಲಿಡೆಗೆ ಆ ಅವಸರವಿಲ್ಲ. ವರ್ಮ ಅವರ ಎರಡು ಸಂಪುಟಗಳನ್ನು ಮಾತ್ರ ಜೋಡಿಯಾಗಿಯೇ ಮಾರಬೇಕು, ಒಂಟಿ ಎರಡನೇ ಸಂಪುಟ ಕೇಳಿಕೊಂಡು ಬರುವವರು ಕಡಿಮೆ.